ಹಳೆಯ ಕಾರು, ಹೊಸ ಬ್ಯಾಟರಿ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಾಗಲಿ, ಮೈಸೂರಿನ ಹಳೆಯ ಬಡಾವಣೆಗಳಲ್ಲಾಗಲಿ ಸಂಜೆಯ ಹೊತ್ತು ನಡೆದುಹೋಗುವವರಿಗೆ ಒಂದು ನೋಟ ಪರಿಚಿತವಾದುದು. ಕಾಂಪೌಂಡಿನ ಒಳಗೆ, ಮಾವಿನ ಮರದ ನೆರಳಿನಲ್ಲಿ, ಟಾರ್ಪಾಲು ಹೊದ್ದು ಮಲಗಿರುವ ಒಂದು ಅಂಬಾಸಿಡರ್ ಅಥವಾ ಪದ್ಮಿನಿ. ಮನೆಯ ಯಜಮಾನರು ಪ್ರಾವಿಡೆಂಟ್ ಫಂಡಿನಿಂದ ಸಾಲ ತೆಗೆದು ಕೊಂಡದ್ದು; ಹೆರಿಗೆಗೆ ಹೋದವಳನ್ನು ಮಗುವಿನೊಡನೆ ಮನೆಗೆ ಕರೆತಂದದ್ದು; ಮದುವೆಯ ದಿನ ಹೂವಿನ ಹಾರ ಹಾಕಿಸಿಕೊಂಡು ಛತ್ರದ ಬಾಗಿಲಲ್ಲಿ ನಿಂತದ್ದು. ಅಂಥ ಕಾರಿಗೆ ಮನೆಯಲ್ಲಿ ಹಿರಿಯರ ಸ್ಥಾನವೇ ಉಂಟು.

ಆದರೆ ಒಂದು ಭಾನುವಾರ ಟಾರ್ಪಾಲು ತೆಗೆದು, ಧೂಳು ಒರೆಸಿ, ಕೀಲಿಯನ್ನು ತಿರುಗಿಸಿದರೆ 'ಟಿಕ್' ಎಂಬ ಒಂದು ಸಣ್ಣ ಸದ್ದು, ಮತ್ತೆ ಮೌನ. ಆಗ ಮನೆಯಲ್ಲಿ ಒಂದು ನ್ಯಾಯಾಲಯವೇ ಸೇರುತ್ತದೆ. "ಅಪ್ಪಾ, ಎರಡು ವರ್ಷದಲ್ಲಿ ಇದು ಮೂರನೆಯ ಬ್ಯಾಟರಿ. ಇನ್ನು ಸಾಕು, ಗುಜರಿಯವನಿಗೆ ಹೇಳಿಬಿಡೋಣ" ಎನ್ನುತ್ತಾನೆ ಮಗ. "ಕಾರಿನದೇನೂ ತಪ್ಪಿಲ್ಲ ಕಣೋ" ಎನ್ನುತ್ತಾರೆ ತಂದೆ. ಆದರೆ ತಮ್ಮ ಮಾತಿಗೆ ಆಧಾರ ಕೊಡಲು ಅವರಿಗೆ ತೋಚುವುದಿಲ್ಲ. "ಇನ್ನೊಂದು ಸಲ ಯಾರಿಗಾದರೂ ತೋರಿಸಿ ನೋಡಬಾರದೆ?" ಎಂದು ತಾಯಿ ಒಳಗಿನಿಂದಲೇ ಕೇಳುತ್ತಾರೆ.

ಈ ವಾರದ ಅಂಕಣವು ಆ ತಂದೆಯ ಪರವಾದ ವಕಾಲತ್ತು. ಹಳೆಯ ಕಾರಿನ ಬ್ಯಾಟರಿ ದುಡಿದು ಸಾಯುವುದು ಅಪರೂಪ. ನಿಂತು ಸಾಯುವುದೇ ಹೆಚ್ಚು. ಅದರ ಜೊತೆಗೆ ಇನ್ನೊಂದು ಕಾರಣವನ್ನೂ ಸೇರಿಸಬೇಕು: ಕಾರಿಗೆ ಏನು ಬೇಕೆಂಬುದನ್ನು ನೋಡದೆ, ಅಂಗಡಿಯಲ್ಲಿ ಏನಿದೆಯೋ ಅದನ್ನೇ ತಂದು ಕೂರಿಸುವುದು. ಈ ಎರಡನ್ನೂ ಅರಿತುಕೊಂಡರೆ ಎಷ್ಟೋ ಕಾರುಗಳು ಗುಜರಿಯ ತಕ್ಕಡಿಯಿಂದ ಉಳಿಯುತ್ತವೆ.

ಒಳಗಿರುವುದು ಏನು?

ಸೀಸದ ಬ್ಯಾಟರಿ ಬಹಳ ಹಳೆಯ ಉಪಕರಣ. ಫ್ರಾನ್ಸಿನ ಗಾಸ್ತೋಂ ಪ್ಲಾಂತೆ ಎಂಬ ವಿಜ್ಞಾನಿ ಅದನ್ನು 1859ರಲ್ಲಿ ರೂಪಿಸಿದನು. ಕಾರಿನಲ್ಲಿ ಅದಕ್ಕೆ ಅನಿವಾರ್ಯವಾದ ಸ್ಥಾನ ದೊರೆತದ್ದು ಅಮೆರಿಕದ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ. ಅಲ್ಲಿಯವರೆಗೆ ಮುಂದೆ ನಿಂತು ಹ್ಯಾಂಡಲು ತಿರುಗಿಸಿಯೇ ಎಂಜಿನ್ನನ್ನು ಎಬ್ಬಿಸಬೇಕಾಗಿದ್ದಿತು. ನಮ್ಮ ಅಂಬಾಸಿಡರ್ ಕಾರಿನೊಡನೆಯೂ ಅಂಥ ಹ್ಯಾಂಡಲು ಬರುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು.

ಬ್ಯಾಟರಿಯೊಳಗೆ ಸೀಸದ ಹಲಗೆಗಳೂ, ಅವು ಮುಳುಗಿರುವಂತೆ ನೀರು ಬೆರೆಸಿದ ಗಂಧಕಾಮ್ಲವೂ ಇರುತ್ತವೆ. ಒಂದೊಂದು ಕೋಶವೂ ಸುಮಾರು 2 ವೋಲ್ಟು ಕೊಡುತ್ತದೆ. ಆರು ಕೋಶಗಳಿದ್ದರೆ 12 ವೋಲ್ಟು, ಮೂರಿದ್ದರೆ 6. ಬ್ಯಾಟರಿಯಿಂದ ವಿದ್ಯುತ್ತನ್ನು ಪಡೆದಾಗ ಹಲಗೆಗಳ ಮೇಲೆ ಸೀಸದ ಸಲ್ಫೇಟೆಂಬ ಬಿಳಿಯ ಪದಾರ್ಥ ಹುಟ್ಟುತ್ತದೆ. ಮತ್ತೆ ವಿದ್ಯುತ್ತನ್ನು ತುಂಬಿದಾಗ ಅದು ಕರಗಿ ಹಿಂದಿನ ರೂಪಕ್ಕೆ ಬರುತ್ತದೆ.

ಇಲ್ಲಿ ಒಂದು ಪುಟ್ಟ ಲೆಕ್ಕ ಮಾಡೋಣ. ಎಂಜಿನ್ನನ್ನು ಹೊರಡಿಸುವಾಗ ಸ್ಟಾರ್ಟರು 150 ಆಂಪಿಯರುಗಳಷ್ಟು ಪ್ರವಾಹವನ್ನು ಎಳೆಯುತ್ತದೆಂದು ಇಟ್ಟುಕೊಳ್ಳಿ. ಕೇಳಲು ಭಯಂಕರವಾದ ಸಂಖ್ಯೆ. ಆದರೆ ಅದು ಮೂರು ಸೆಕೆಂಡಿನ ಮಾತು. ಆದ್ದರಿಂದ ಖರ್ಚಾಗುವುದು ಒಂದು ಆಂಪಿಯರ್-ಗಂಟೆಯ ಎಂಟನೆಯ ಒಂದು ಪಾಲು ಮಾತ್ರ. ಇನ್ನೊಂದು ಕಡೆ, ಡಿಕ್ಕಿಯೊಳಗೆ ಆರಿಸಲು ಮರೆತ 5 ವಾಟಿನ ಸಣ್ಣ ದೀಪವೊಂದು ಒಂದು ಹಗಲು ಒಂದು ರಾತ್ರಿ ಉರಿದರೆ 10 ಆಂಪಿಯರ್-ಗಂಟೆಗಳನ್ನು ನುಂಗುತ್ತದೆ. ಎಂದರೆ ಕಾರನ್ನು 80 ಬಾರಿ ಹೊರಡಿಸಬಹುದಾಗಿದ್ದ ಶಕ್ತಿ! ದೊಡ್ಡ ದುಡಿಮೆಯನ್ನು ಬ್ಯಾಟರಿ ತಡೆದುಕೊಳ್ಳುತ್ತದೆ. ಸಣ್ಣ ಸೋರಿಕೆಯೇ ಅದನ್ನು ಬರಿದು ಮಾಡುತ್ತದೆ.

ಸೋರಿಕೆಯಿಲ್ಲದಿದ್ದರೂ ಸುಮ್ಮನೆ ಇಟ್ಟ ಬ್ಯಾಟರಿ ತಾನಾಗಿಯೇ ಸ್ವಲ್ಪ ಸ್ವಲ್ಪ ಬರಿದಾಗುತ್ತ ಹೋಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಈ ಕ್ಷಯದ ವೇಗ ಸುಮಾರು ಇಮ್ಮಡಿಯಾಗುತ್ತದೆ. ಆದುದರಿಂದಲೇ ಬೆಂಗಳೂರಿನಲ್ಲಿ ಬಾಳುವಷ್ಟು ಕಾಲ ಅದೇ ಬ್ಯಾಟರಿ ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಬಾಳುವುದು ಕಷ್ಟ. ಹಾಗೆ ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಬಿಟ್ಟರೆ, ಹಲಗೆಗಳ ಮೇಲಿನ ಮೃದುವಾದ ಸಲ್ಫೇಟು ಗಟ್ಟಿ ಹರಳುಗಳಾಗಿ ಬೆಳೆಯುತ್ತದೆ. ಅಂಗೈ ಮೇಲೆ ಕೂಡಲೆ ತೊಳೆದ ಸುಣ್ಣಕ್ಕೂ, ಗೋಡೆಯ ಮೇಲೆ ಒಣಗಿ ಕಲ್ಲಾದ ಸುಣ್ಣಕ್ಕೂ ಎಷ್ಟು ಅಂತರವೋ ಅಷ್ಟು. ಮುಂದೆ ಎಷ್ಟು ವಿದ್ಯುತ್ತು ತುಂಬಿದರೂ ಅದು ಪೂರ್ಣವಾಗಿ ಕರಗುವುದಿಲ್ಲ. ಬ್ಯಾಟರಿಯ ಶಕ್ತಿ ಕುಗ್ಗಿಹೋಗುತ್ತದೆ.

50 ವರ್ಷ ದಾಟಿದ ಕಾರುಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಂಥವುಗಳಿಗಾಗಿ ಕೇಂದ್ರ ಸರ್ಕಾರವು 2021ರಲ್ಲಿ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿತು. ಹಾಗೆ ನೋಂದಾಯಿಸಿದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಕೆಲಸಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಮಿಕ್ಕ ದಿನಗಳಲ್ಲಿ ಬ್ಯಾಟರಿಗೆ ಉಪವಾಸವೇ ಗತಿ.

ಅಂಗಡಿಗೆ ಹೋಗುವ ಮುನ್ನ

ಹೊಸ ಬ್ಯಾಟರಿ ಕೊಳ್ಳಬೇಕಾಗಿ ಬಂದರೆ ಮೊದಲು ಬಾನೆಟ್ಟನ್ನು ಎತ್ತಿ, ಕಾರಿನೊಡನೆ ಬಂದ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು, ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ.

ಮೊದಲನೆಯದು ವೋಲ್ಟಿನ ಪ್ರಶ್ನೆ. ಅಂಬಾಸಿಡರ್, ಫಿಯೆಟ್ 1100, ಪದ್ಮಿನಿ, ಮಾರಿಸ್ ಮೈನರ್ ಇವೆಲ್ಲ 12 ವೋಲ್ಟಿನವು. ಆದರೆ ಅಮೆರಿಕದ ಫೋರ್ಡ್ ಕಾರುಗಳು 1955ರವರೆಗೆ 6 ವೋಲ್ಟಿನವಾಗಿದ್ದವು. ವೋಕ್ಸ್‌ವ್ಯಾಗನ್ ಕಂಪನಿಯ 'ಬೀಟಲ್' ಕಾರುಗಳಲ್ಲಿ 1966ರವರೆಗಿನವು ಬಹುಮಟ್ಟಿಗೆ 6 ವೋಲ್ಟಿನವೇ. ಎಂ.ಜಿ.ಬಿ. ಎಂಬ ಎರಡಾಸನದ ಕಾರಿನಲ್ಲಂತೂ 1974ರವರೆಗೆ 6 ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದರ ಹಿಂದೊಂದು ಜೋಡಿಸಿ 12 ಮಾಡುತ್ತಿದ್ದರು. 6 ವೋಲ್ಟಿನ ಕಾರಿಗೆ ಒಂದು ವಿಶೇಷ ಸೂಕ್ಷ್ಮವುಂಟು. ಅಷ್ಟೇ ಕೆಲಸಕ್ಕೆ ಅಲ್ಲಿ ಇಮ್ಮಡಿ ಪ್ರವಾಹ ಹರಿಯಬೇಕಾಗುವುದರಿಂದ ಕೇಬಲ್ಲುಗಳು ದಪ್ಪವಾಗಿರಬೇಕು. ಯಾರೋ ಹಿಂದೆ ಹಾಕಿಸಿದ ತೆಳ್ಳನೆಯ ಕೇಬಲ್ಲಿನಿಂದಾಗಿ ಎಂಜಿನ್ನು ಮಂದವಾಗಿ ತಿರುಗುತ್ತಿದ್ದರೆ ಬ್ಯಾಟರಿಯನ್ನು ದೂಷಿಸಿ ಫಲವಿಲ್ಲ.

ಎರಡನೆಯದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಬ್ಯಾಟರಿಯ ಯಾವ ಧ್ರುವವನ್ನು ಕಾರಿನ ದೇಹಕ್ಕೆ ಬಿಗಿದಿದ್ದಾರೆ? ಮೆಕ್ಯಾನಿಕ್ಕುಗಳು 'ಅರ್ತ್' ಎನ್ನುವುದು ಇದನ್ನೇ. ಈಗಿನ ಕಾರುಗಳಲ್ಲೆಲ್ಲ ಋಣಧ್ರುವ, ಎಂದರೆ 'ಮೈನಸ್', ದೇಹಕ್ಕೆ ಸೇರಿರುತ್ತದೆ. ಬ್ರಿಟನ್ನಿನ ಕಾರುಗಳಲ್ಲಿ 1960ರ ದಶಕದ ನಡುಭಾಗದವರೆಗೂ ಧನಧ್ರುವವನ್ನು, ಎಂದರೆ 'ಪ್ಲಸ್' ಅನ್ನು, ದೇಹಕ್ಕೆ ಬಿಗಿಯುವ ಪದ್ಧತಿ ವ್ಯಾಪಕವಾಗಿದ್ದಿತು. ಮಾರಿಸ್ ಮೈನರ್ ಹಾಗೆಯೇ. ಮಾರಿಸ್ ಆಕ್ಸ್‌ಫರ್ಡ್ ಸಹ ಹಾಗೆಯೇ. ಆ ಆಕ್ಸ್‌ಫರ್ಡಿನ ಮೂರನೆಯ ಮಾದರಿಯ ಸಂತಾನವೇ ನಮ್ಮ ಅಂಬಾಸಿಡರ್. 1950ರ ದಶಕದ ಕೊನೆಯಲ್ಲಿ ಆರಂಭವಾದ ಅದರ ತಯಾರಿಕೆ 2014ರಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ನಿಂತಿತು. ಇಟಲಿಯ ಮೂಲದ ಫಿಯೆಟ್ 1100 ಆದರೋ ಋಣಧ್ರುವವನ್ನೇ ದೇಹಕ್ಕೆ ಕಟ್ಟಿಕೊಂಡು ಬಂದುದು. ಆದ್ದರಿಂದ ಪಕ್ಕದ ಮನೆಯ ಫಿಯೆಟ್ಟನ್ನು ನೋಡಿ ನಿಮ್ಮ ಮಾರಿಸ್ಸಿಗೆ ತಂತಿ ಕಟ್ಟುವುದು ಸಲ್ಲದು. ಹಳೆಯ ಅಂಬಾಸಿಡರ್ ಉಳ್ಳವರು ಊಹೆಯನ್ನು ಬಿಟ್ಟು ತಮ್ಮ ಕಾರನ್ನೇ ನೋಡಬೇಕು, ಏಕೆಂದರೆ ಐವತ್ತು ವರ್ಷಗಳಲ್ಲಿ ಯಾರ ಕೈ ಅದರ ಮೇಲೆ ಆಡಿದೆಯೋ ಬಲ್ಲವರು ಯಾರು?

ಧ್ರುವ ತಿರುಗುಮುರುಗಾದರೆ ಏನಾಗುತ್ತದೆ? ದೀಪಗಳು ಎಂದಿನಂತೆ ಉರಿಯಬಹುದು, ಸ್ಟಾರ್ಟರು ತಿರುಗಬಹುದು, ಎಂಜಿನ್ನು ಕೂಡ ಏಳಬಹುದು. ಮೋಸ ಇರುವುದು ಅಲ್ಲಿಯೇ. ಡೈನಮೋ ಒಂದು ದಿಕ್ಕಿನ ಕಾಂತತೆಯನ್ನು ಉಳಿಸಿಕೊಂಡಿರುತ್ತದೆ. ಬ್ಯಾಟರಿ ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. ನಡುವೆ ಇರುವ ಕಟ್-ಔಟಿನ ಸಂಪರ್ಕಗಳು ಸುಟ್ಟು ಅಂಟಿಕೊಳ್ಳುತ್ತವೆ. ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ, ಅಥವಾ ಈಚೆಗೆ ಕೂರಿಸಿದ ಆಲ್ಟರ್ನೇಟರು ಇದ್ದರೆ, ಅವು ಕ್ಷಣಮಾತ್ರದಲ್ಲಿ ಹಾಳಾಗುತ್ತವೆ. ಇದನ್ನು ತಪ್ಪಿಸಲು ಒಂದು ಗುರುತುಂಟು. ಸಾಮಾನ್ಯ ಕಾರು ಬ್ಯಾಟರಿಗಳಲ್ಲಿ ಪ್ಲಸ್ ಟರ್ಮಿನಲ್ಲು ಮೈನಸ್ಸಿಗಿಂತ ತುಸು ದಪ್ಪ. ಕ್ಲ್ಯಾಂಪು ಸುಲಭವಾಗಿ ಇಳಿಯದಿದ್ದರೆ ಸುತ್ತಿಗೆಯಿಂದ ಬಡಿಯುವ ಮುನ್ನ, ತಾನು ಸರಿಯಾದ ಕಂಬಕ್ಕೆ ತೊಡಿಸುತ್ತಿರುವೆನೆ ಎಂದು ಕೇಳಿಕೊಳ್ಳಬೇಕು. ಪ್ಲಸ್ ಅರ್ತ್ ಇರುವ ಕಾರಾದರೆ ಬಾನೆಟ್ಟಿನ ಒಳಮೈಯಲ್ಲಿ ಆ ಸಂಗತಿಯನ್ನು ಬಣ್ಣದಿಂದ ದೊಡ್ಡದಾಗಿ ಬರೆಸಿಡಿ. ನಾಳೆ ನಿಮ್ಮ ಮಗನೋ ಮೊಮ್ಮಗಳೋ ಅದನ್ನು ಓದಿಕೊಳ್ಳುತ್ತಾರೆ.

ಮೂರನೆಯದು ಅಳತೆ. ಬ್ಯಾಟರಿ ಕೂರುವ ತಟ್ಟೆಯ ಉದ್ದ, ಅಗಲ, ಮೇಲಿರುವ ಎತ್ತರ ಮತ್ತು ಪ್ಲಸ್ ಯಾವ ಕಡೆಗಿದೆ ಎಂಬುದು, ಈ ನಾಲ್ಕನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಬೀಟಲ್ ಉಳ್ಳವರು ಎತ್ತರದ ವಿಷಯದಲ್ಲಿ ಹೆಚ್ಚು ಜಾಗರೂಕರಾಗಿರಬೇಕು. ಅದರಲ್ಲಿ ಬ್ಯಾಟರಿ ಇರುವುದು ಹಿಂದಿನ ಆಸನದ ಕೆಳಗೆ. ಎತ್ತರದ ಬ್ಯಾಟರಿಯನ್ನು ಇಟ್ಟು, ಮುಚ್ಚಳ ಹಾಕದೆ, ಮೇಲೆ ಇಬ್ಬರು ಭಾರದವರು ಕುಳಿತರೆ ಆಸನದ ಉಕ್ಕಿನ ಸ್ಪ್ರಿಂಗು ಟರ್ಮಿನಲ್ಲುಗಳಿಗೆ ತಗಲಿ ಬೆಂಕಿ ಹತ್ತಿಕೊಂಡ ಉದಾಹರಣೆಗಳಿವೆ.

ನಾಲ್ಕನೆಯದು, ಬ್ಯಾಟರಿಗೆ ಉಣಿಸುವವರು ಯಾರು ಎಂಬುದು. ಹಳೆಯ ಕಾರುಗಳಲ್ಲಿ ಇರುವುದು ಡೈನಮೋ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಲೂಕಸ್ ಸಿ-40 ಡೈನಮೋ ಕೊಡುವುದು ಹೆಚ್ಚೆಂದರೆ 22 ಆಂಪಿಯರು. ಅದನ್ನು ನಿಯಂತ್ರಿಸುವ ರೆಗ್ಯುಲೇಟರು ಸ್ಪ್ರಿಂಗು ಮತ್ತು ಸುರುಳಿಗಳ ಯಂತ್ರ. ಈಗಿನ ಎಲೆಕ್ಟ್ರಾನಿಕ್ ಸಾಧನದಂತೆ ಕರಾರುವಾಕ್ಕಾದುದಲ್ಲ. ಒಮ್ಮೆ ಕಡಮೆ ಉಣಿಸುತ್ತದೆ, ಒಮ್ಮೆ ಹೆಚ್ಚು. ಹೆಚ್ಚಾದಾಗ ಬ್ಯಾಟರಿಯ ನೀರು ಆವಿಯಾಗಿ ಹೋಗುತ್ತದೆ. ಮೇಲ್ಮುಚ್ಚಳ ತೆಗೆಯಬಹುದಾದ ಸಾಮಾನ್ಯ ಬ್ಯಾಟರಿಯಾದರೆ ಹೋದ ನೀರನ್ನು ನಾವು ತುಂಬಬಹುದು. ಪೂರ್ಣವಾಗಿ ಮುಚ್ಚಿದ ಬ್ಯಾಟರಿಯಲ್ಲಿ ಆ ಉಪಾಯವಿಲ್ಲ. ಅಲ್ಲದೆ ಇಂಥ ಮುಚ್ಚಿದ ಬ್ಯಾಟರಿಗಳಲ್ಲಿ ಹಲವು ಕ್ಯಾಲ್ಸಿಯಂ ಬೆರೆತ ಸೀಸದವು. ಪೂರ್ಣವಾಗಿ ತುಂಬಲು ಅವಕ್ಕೆ ತುಸು ಹೆಚ್ಚಿನ, ಸ್ಥಿರವಾದ ವೋಲ್ಟೇಜು ಬೇಕು. ಡೈನಮೋ ಇರುವ ಕಾರಿಗೆ, ನನ್ನ ಅಭಿಪ್ರಾಯದಲ್ಲಿ, ಮುಚ್ಚಳ ತೆಗೆದು ನೀರು ಹಾಕುವ ಹಳೆಯ ಬಗೆಯ ಬ್ಯಾಟರಿಯೇ ಒಳ್ಳೆಯ ಜೊತೆಗಾರ. ಆಲ್ಟರ್ನೇಟರನ್ನು ಅಳವಡಿಸಿದವರಿಗೆ ಆಯ್ಕೆ ಹೆಚ್ಚು.

ಈ ಚೀಟಿಯನ್ನು ಹಿಡಿದು ಅಂಗಡಿಗೆ ಹೋದರೂ ಒಂದು ಮಾತನ್ನು ಎದುರಿಸಬೇಕಾಗುತ್ತದೆ. "ಸಾರ್, ಇದಕ್ಕಿಂತ ದೊಡ್ಡದು ಇಲ್ಲೇ ಇದೆ. ಹಾಕಿಸಿಬಿಡಿ, ಐದು ವರ್ಷ ತಿರುಗಿ ನೋಡಬೇಕಾಗಿಲ್ಲ" ಎನ್ನುತ್ತಾನೆ ಅಂಗಡಿಯವನು. ಅವನು ಕೆಟ್ಟವನಲ್ಲ, ದಿನವೂ ಓಡುವ ಟ್ಯಾಕ್ಸಿಗಳನ್ನು ನೋಡಿದವನು. ನಿಮ್ಮ ಉತ್ತರ ಹೀಗಿರಲಿ: "ದೊಡ್ಡ ಹಂಡೆ ಇಟ್ಟರೆ ನಲ್ಲಿಯ ನೀರು ಹೆಚ್ಚುವುದಿಲ್ಲವಪ್ಪ." ದೊಡ್ಡ ಬ್ಯಾಟರಿ ಒಮ್ಮೆ ಬರಿದಾದರೆ ಸಣ್ಣ ಡೈನಮೋ ಅದನ್ನು ತುಂಬಲು ಗಂಟೆಗಟ್ಟಲೆ ಏದುಸಿರುಬಿಡಬೇಕಾಗುತ್ತದೆ. ಕೈಪಿಡಿ ಹೇಳುವ ಆಂಪಿಯರ್-ಗಂಟೆಗಳೇ ಸಾಕು. ಡೀಸೆಲ್ ಎಂಜಿನ್ನಿಗೆ ಮಾತ್ರ ಪೆಟ್ರೋಲಿನದಕ್ಕಿಂತ ಹೆಚ್ಚಿನದು ಬೇಕು, ಏಕೆಂದರೆ ಅದನ್ನು ತಿರುಗಿಸುವ ಶ್ರಮ ಹೆಚ್ಚು.

ಕೊನೆಗೆ ಬ್ಯಾಟರಿಯ ಮೇಲೆ ಅಚ್ಚಾದ ತಯಾರಿಕೆಯ ತಿಂಗಳನ್ನು ಕೇಳಿ ಓದಿಸಿಕೊಳ್ಳಿ. ಆಮ್ಲ ತುಂಬಿ ಆರು ತಿಂಗಳಿಗೂ ಮಿಗಿಲಾಗಿ ಅಂಗಡಿಯ ಹಲಗೆಯ ಮೇಲೆ ಕುಳಿತಿದ್ದ ಬ್ಯಾಟರಿಯನ್ನು ಅಲ್ಲಿಯೇ ಬಿಡುವುದು ಕ್ಷೇಮ. ನಿಂತು ಸಾಯುವ ಕಾಯಿಲೆ ಅದಕ್ಕೆ ಅಂಗಡಿಯಲ್ಲೇ ಅಂಟಿರಬಹುದು. ಮೀಟರು ಹಿಡಿದು ತೋರಿಸಲು ಹೇಳಿ, 12.5 ವೋಲ್ಟಿಗೆ ಕಡಮೆಯಿದ್ದರೆ ಬೇರೆಯದನ್ನು ಕೇಳಿ.

ಮನೆಯಲ್ಲಿ ಆರೈಕೆ

ಬ್ಯಾಟರಿಯನ್ನು ಬಿಚ್ಚುವಾಗ ಮೊದಲು ಬಿಚ್ಚತಕ್ಕದ್ದು ಅರ್ತ್ ಕೇಬಲ್ಲು. ಜೋಡಿಸುವಾಗ ಕೊನೆಗೆ ಜೋಡಿಸತಕ್ಕದ್ದೂ ಅದೇ. ಅದು ಪ್ಲಸ್ ಆಗಲಿ, ಮೈನಸ್ ಆಗಲಿ ನಿಯಮ ಒಂದೇ. ಅರ್ತ್ ಬಿಚ್ಚಿದ ಮೇಲೆ ಸ್ಪ್ಯಾನರು ಜಾರಿ ಕಾರಿನ ಮೈಗೆ ತಗಲಿದರೂ ಕಿಡಿ ಹಾರುವುದಿಲ್ಲ. ಕೈಯಲ್ಲಿ ಉಂಗುರ, ಬಳೆ, ಲೋಹದ ಗಡಿಯಾರದ ಪಟ್ಟಿ ಇದ್ದರೆ ತೆಗೆದಿಟ್ಟೇ ಕೆಲಸಕ್ಕೆ ಕೈಹಾಕಬೇಕು.

ಅನೇಕ ಮನೆಗಳಲ್ಲಿ ವಾರಕ್ಕೊಮ್ಮೆ ಕಾರನ್ನು ನಿಂತಲ್ಲೇ ಹತ್ತು ನಿಮಿಷ ಓಡಿಸಿ, ಬ್ಯಾಟರಿಗೆ ಉಪಕಾರ ಮಾಡಿದೆವೆಂದು ತೃಪ್ತಿಪಡುವ ಪದ್ಧತಿಯುಂಟು. ಆಗ ಡ್ಯಾಷ್‌ಬೋರ್ಡಿನ ಕೆಂಪು ದೀಪವನ್ನು ಗಮನಿಸಿ. ಅದು ಮಿನುಗುತ್ತಿದ್ದರೆ ಡೈನಮೋ ಏನನ್ನೂ ಕೊಡುತ್ತಿಲ್ಲವೆಂದು ಅರ್ಥ. ನಿಧಾನವಾಗಿ ತಿರುಗುವ ಡೈನಮೋ ಬ್ಯಾಟರಿಯನ್ನು ತುಂಬಲಾರದು. ಇಗ್ನಿಷನ್ನಿಗೆ ಬೇಕಾದ ಮೂರು ನಾಲ್ಕು ಆಂಪಿಯರನ್ನು ಬ್ಯಾಟರಿಯೇ ಕೊಡಬೇಕಾಗುತ್ತದೆ. ಹತ್ತು ನಿಮಿಷದಲ್ಲಿ ಹೀಗೆ ಹೋಗುವ ಶಕ್ತಿಯಲ್ಲಿ ಕಾರನ್ನು ಐದು ಬಾರಿ ಹೊರಡಿಸಬಹುದಾಗಿತ್ತು! ಉಪಕಾರವೆಂದು ತಿಳಿದದ್ದು ಅಪಕಾರವಾಯಿತು. ಓಡಿಸುವುದಾದರೆ ಹದಿನೈದು ದಿನಕ್ಕೊಮ್ಮೆ ಮುಕ್ಕಾಲು ಗಂಟೆ ಹದವಾದ ವೇಗದಲ್ಲಿ, ಹಗಲು ಹೊತ್ತಿನಲ್ಲಿ ಓಡಿಸಿ. ಅದಕ್ಕೆ ಅವಕಾಶವಿಲ್ಲದಿದ್ದರೆ ನಿಂತಲ್ಲಿ ಎಬ್ಬಿಸುವ ಶಾಸ್ತ್ರವನ್ನೂ ಬಿಟ್ಟುಬಿಡಿ.

ಓಡದ ಕಾರಿಗೆ ಎರಡು ಸುಲಭ ಸಾಧನಗಳಿವೆ. ಒಂದು, ಅರ್ತ್ ಕೇಬಲ್ಲಿಗೆ ಕೂರಿಸುವ ಕಟ್-ಆಫ್ ಸ್ವಿಚ್ಚು. ಅದನ್ನು ತಿರುಗಿಸಿದರೆ ಸೋರಿಕೆಯ ದಾರಿಗಳೆಲ್ಲ ಮುಚ್ಚುತ್ತವೆ. ಹಳೆಯ ತಂತಿಗಳಿಂದ ಬೆಂಕಿ ಹತ್ತುವ ಭಯವೂ ಕಡಮೆ. ಇನ್ನೊಂದು, ಮನೆಯ ವಿದ್ಯುತ್ತಿನಿಂದ ನಡೆಯುವ ಸಣ್ಣ ಚಾರ್ಜರು. ಬ್ಯಾಟರಿಯ ಆಂಪಿಯರ್-ಗಂಟೆಗಳ ಹತ್ತನೆಯ ಒಂದು ಪಾಲಿನಷ್ಟು ಪ್ರವಾಹ, ಎಂದರೆ 40 ಆಂಪಿಯರ್-ಗಂಟೆಯದಕ್ಕೆ 4 ಆಂಪಿಯರು, ಧಾರಾಳವಾಗಿ ಸಾಕು. ತುಂಬಿದ ಕೂಡಲೆ ತಾನಾಗಿ ತಗ್ಗುವ ಸ್ವಯಂಚಾಲಿತ ಚಾರ್ಜರುಗಳು ಈಗ ಸುಲಭವಾಗಿ ಸಿಗುತ್ತವೆ. 6 ವೋಲ್ಟಿನ ಬ್ಯಾಟರಿಯಾದರೆ ಚಾರ್ಜರಿನ ಗುಂಡಿ 6ರಲ್ಲಿಯೇ ಇದೆಯೆಂದು ಎರಡು ಬಾರಿ ನೋಡಿಕೊಳ್ಳಿ.

ಚಾರ್ಜು ಮಾಡುವ ಸ್ಥಳದ ಬಗ್ಗೆ ಗೃಹಿಣಿಯರಿಗೊಂದು ವಿಜ್ಞಾಪನೆ. ತುಂಬುತ್ತಿರುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಒಂದು ಕಿಡಿ ಸಾಕು, ಸಿಡಿಯಲು. ಆದ್ದರಿಂದ ಅಡಿಗೆಮನೆ ಬೇಡ, ದೇವರ ದೀಪದ ಹತ್ತಿರ ಬೇಡ, ಮುಚ್ಚಿದ ಉಗ್ರಾಣವೂ ಬೇಡ. ಗಾಳಿಯಾಡುವ ಜಗಲಿ ಒಳ್ಳೆಯದು. ಕ್ಲಿಪ್ಪುಗಳನ್ನು ಹಾಕುವ ಮತ್ತು ತೆಗೆಯುವ ಮುನ್ನ ಚಾರ್ಜರಿನ ಸ್ವಿಚ್ಚನ್ನು ಆರಿಸಬೇಕು. ಆಮ್ಲ ಕಣ್ಣಿಗೆ ಹಾರಿದರೆ ಕೂಡಲೆ ಶುದ್ಧವಾದ ನೀರಿನಿಂದ ಕಾಲು ಗಂಟೆಗೂ ಕಡಮೆಯಿಲ್ಲದಂತೆ ತೊಳೆದು ವೈದ್ಯರ ಬಳಿಗೆ ಹೋಗಬೇಕು. ಮಕ್ಕಳು ಹತ್ತಿರ ಸುಳಿಯಬಾರದು.

ನೀರಿನ ವಿಷಯ ಸರಳ. ತಿಂಗಳಿಗೊಮ್ಮೆ, ಬೇಸಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಮುಚ್ಚಳಗಳನ್ನು ತೆಗೆದು ನೋಡಿ. ದ್ರವವು ಹಲಗೆಗಳ ಮೇಲೆ ಒಂದು ಸೆಂಟಿಮೀಟರಿನಷ್ಟು ನಿಂತಿರಬೇಕು. ಕಡಮೆಯಾಗಿದ್ದರೆ ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಿ. ಕೊಳವೆಬಾವಿಯ ನೀರಿನ ಲವಣಗಳು ಬ್ಯಾಟರಿಗೆ ವಿಷ. ನಲ್ಲಿಯ ನೀರೂ ಬೇಡ, ಕುಡಿಯಲು ಶುದ್ಧಿಮಾಡಿದ ನೀರೂ ಬೇಡ. ಶಕ್ತಿ ಕುಂದಿತೆಂದು ಆಮ್ಲವನ್ನು ಎಂದೂ ಸುರಿಯಬೇಡಿ. ಹಾರಿಹೋಗುವುದು ನೀರು, ಆಮ್ಲ ಒಳಗೇ ಉಳಿದಿರುತ್ತದೆ.

ಬ್ಯಾಟರಿಯ ನಾಡಿ ನೋಡಲು ಎರಡು ಉಪಕರಣಗಳಿವೆ. ಹೈಡ್ರೋಮೀಟರು ಆಮ್ಲದ 'ಗ್ರ್ಯಾವಿಟಿ'ಯನ್ನು ತೋರಿಸುತ್ತದೆ. ಪೂರ್ಣವಾಗಿ ತುಂಬಿದ ಬ್ಯಾಟರಿಯಲ್ಲಿ, ಬಗೆಯನ್ನು ಅನುಸರಿಸಿ, ಅದು 1.240ರಿಂದ 1.280ರ ನಡುವೆ ಇರುತ್ತದೆ. 1.200ಕ್ಕೆ ಇಳಿದರೆ ಚಾರ್ಜಿಗೆ ಇಡುವ ಕಾಲ ಬಂದಿತೆಂದು ತಿಳಿಯಿರಿ. ಐದು ಕೋಶಗಳು ಒಂದು ಸಮವಾಗಿದ್ದು ಆರನೆಯದು ಮಾತ್ರ 0.050ರಷ್ಟು ಹಿಂದೆ ಬಿದ್ದರೆ ಆ ಕೋಶದ ಆಯುಸ್ಸು ಮುಗಿಯುತ್ತಿದೆ. ಮೀಟರಿನಲ್ಲಿ ನೋಡುವುದಾದರೆ, ಕಾರು ಕೆಲವು ಗಂಟೆ ನಿಂತ ಮೇಲೆ 12.5ರಿಂದ 12.7 ಇದ್ದರೆ ಆರೋಗ್ಯ; 12.2 ಅರೆಹೊಟ್ಟೆ, 12ಕ್ಕಿಂತ ಕೆಳಗೆ ಬರಿಹೊಟ್ಟೆ. ಎಂಜಿನ್ನನ್ನು ಚುರುಕಾಗಿ ಓಡಿಸಿದಾಗ 14ರ ಆಸುಪಾಸಿಗೆ ಏರಬೇಕು. ಏರದಿದ್ದರೆ ಬೆಲ್ಟು ಮತ್ತು ಡೈನಮೋ ನೋಡಿಸಿ. 15ನ್ನು ದಾಟಿದರೆ ರೆಗ್ಯುಲೇಟರು ಬ್ಯಾಟರಿಯನ್ನು ಕುದಿಸುತ್ತಿದೆ. ಆ ಸ್ಥಿತಿಯಲ್ಲಿ ಎಷ್ಟು ಹೊಸ ಬ್ಯಾಟರಿಗಳನ್ನು ತಂದರೂ ಒಂದೊಂದಾಗಿ ಬಲಿಯಾಗುತ್ತವೆ.

ಟರ್ಮಿನಲ್ಲುಗಳ ಮೇಲೆ ಬಿಳಿ, ಹಸುರು ಹೂವು ಬಿಟ್ಟಿದ್ದರೆ, ಮುಚ್ಚಳಗಳನ್ನು ಭದ್ರಪಡಿಸಿ, ಅಡಿಗೆ ಸೋಡ ಕಲಸಿದ ನೀರಿನಿಂದ ತೊಳೆದು, ಒಣಗಿಸಿ, ಕ್ಲ್ಯಾಂಪನ್ನು ಬಿಗಿದು ಮೇಲೆ ವ್ಯಾಸಲೀನು ಸವರಿ. ಬ್ಯಾಟರಿಯನ್ನು ತಟ್ಟೆಗೆ ಬಿಗಿಯುವ ಪಟ್ಟಿಯೂ ಇರಲಿ. ಅಲುಗಾಡುವ ಬ್ಯಾಟರಿಯ ಹಲಗೆಗಳಿಂದ ಪದಾರ್ಥ ಉದುರಿ ತಳದಲ್ಲಿ ಸೇರುತ್ತದೆ.

ನೆರೆಮನೆಯವರ ಹೊಸ ಕಾರಿನಿಂದ ವಿದ್ಯುತ್ತನ್ನು ಎರವಲು ಪಡೆಯುವ ಸಂದರ್ಭ ಬಂದರೆ, ಎರಡು ಕಾರುಗಳ ಮೈ ಒಂದಕ್ಕೊಂದು ತಗಲದಂತೆ ನಿಲ್ಲಿಸಬೇಕು. ನಿಮ್ಮದು ಪ್ಲಸ್ ಅರ್ತ್, ಅವರದು ಮೈನಸ್ ಅರ್ತ್ ಆಗಿದ್ದರೆ ಬಂಪರುಗಳ ಒಂದು ಮುತ್ತೇ ಭಾರಿ ಷಾರ್ಟಿಗೆ ಸಾಕು. ಅವರ ಕಾರು 12, ನಿಮ್ಮದು 6 ವೋಲ್ಟಾದರೆ ಆ ಸಾಹಸವೇ ಬೇಡ. ಚಾರ್ಜರಿಗೆ ಒಂದು ರಾತ್ರಿ ಕಾಯುವುದರಿಂದ ನೆರೆಹೊರೆಯ ಸ್ನೇಹವೂ ಉಳಿಯುತ್ತದೆ.

ತೀರ್ಪು ಕೊಡುವ ಮುನ್ನ

ಇನ್ನು ಮನೆಯ ನ್ಯಾಯಾಲಯದ ಮುಂದಿರುವ ಮೊಕದ್ದಮೆ. 'ಟಿಕ್' ಎಂದು ಸುಮ್ಮನಾದ ಕಾರನ್ನು ಹೀಗೆ ವಿಚಾರಣೆ ಮಾಡಿ. ಮುಂದಿನ ದೊಡ್ಡ ದೀಪಗಳನ್ನು ಹಾಕಿ ಒಬ್ಬರು ಕೀಲಿ ತಿರುಗಿಸಲಿ, ಇನ್ನೊಬ್ಬರು ದೀಪಗಳನ್ನು ನೋಡಲಿ. ದೀಪಗಳು ಕಳೆಗುಂದದೆ ಉರಿದರೆ ಬ್ಯಾಟರಿಗೆ ಶಕ್ತಿಯಿದೆ. ದೋಷ ಸ್ಟಾರ್ಟರಿನಲ್ಲೋ ಅದರ ಸ್ವಿಚ್ಚಿನಲ್ಲೋ ಹುಡುಕಬೇಕು. ದೀಪಗಳು ಸತ್ತೇ ಹೋದಂತೆ ಮಂಕಾದರೆ ಬ್ಯಾಟರಿ ಬರಿದಾಗಿರಬಹುದು, ಇಲ್ಲವೆ ಕೇಬಲ್ಲಿನ ಸಂಪರ್ಕ ಸಡಿಲವಾಗಿರಬಹುದು. ಕೂಡಲೆ ಕ್ಲ್ಯಾಂಪುಗಳನ್ನು ಮುಟ್ಟಿ ನೋಡಿ. ಯಾವುದು ಬಿಸಿಯಾಗಿದೆಯೋ ಅಲ್ಲಿ ಕಳ್ಳನಿದ್ದಾನೆ. ಎಂಜಿನ್ನಿನಿಂದ ಕಾರಿನ ಮೈಗೆ ಹೋಗುವ ಹೆಣೆದ ತಾಮ್ರದ ಅರ್ತ್ ಪಟ್ಟಿಯನ್ನು ಮರೆಯಬೇಡಿ. ಅದರ ತುದಿಯಲ್ಲಿ ಕುಳಿತ ತುಕ್ಕನ್ನು ಉಜ್ಜಿ ತೆಗೆಯಲು ಬೇಕಾದದ್ದು ಒಂದು ಚೂರು ಮರಳು ಕಾಗದ. ಅದನ್ನು ಯಾರೂ ನೋಡದ ಕಾರಣ ಒಳ್ಳೆಯ ಬ್ಯಾಟರಿಗಳೂ ಕೆಟ್ಟವೆನಿಸಿಕೊಂಡು ಮನೆಯಿಂದ ಹೊರಬೀಳುತ್ತವೆ.

ನಿಜವಾಗಿಯೂ ಸತ್ತ ಬ್ಯಾಟರಿಯನ್ನು ಬೀದಿಯ ಗುಜರಿಗೆ ಕೊಡಬೇಡಿ. ಬಯಲಿನಲ್ಲಿ ಒಡೆದರೆ ಆಮ್ಲ ಮಣ್ಣಿಗೂ, ಸೀಸದ ಧೂಳು ಸುತ್ತಲ ಮಕ್ಕಳ ರಕ್ತಕ್ಕೂ ಸೇರುತ್ತದೆ. ಸೀಸ ಬೆಳೆಯುವ ಮಿದುಳಿಗೆ ಮಾಡುವ ಹಾನಿಯನ್ನು ಸರಿಪಡಿಸುವ ಔಷಧವಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆಯ ನಿಯಮಗಳು ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವ ಅಂಗಡಿಯಲ್ಲಿಯೇ ಹಳೆಯದನ್ನು ಕೊಟ್ಟು, ಬೆಲೆಯಲ್ಲಿ ಮುರಿಸಿಕೊಂಡು, ಚೀಟಿ ಪಡೆಯಿರಿ.

ಕೊನೆಗೊಂದು ಸಲಹೆ. ಎರಡು ರೂಲು ಎಳೆದ ಒಂದು ಸಣ್ಣ ಪುಸ್ತಕವನ್ನು ಕಾರಿನ ಗ್ಲವ್ ಬಾಕ್ಸಿನಲ್ಲಿ ಇಡಿ. ಬ್ಯಾಟರಿ ಕೊಂಡ ದಿನ, ನೀರು ಹಾಕಿದ ದಿನ, ಆಗ ಮೀಟರು ತೋರಿಸಿದ ವೋಲ್ಟು, ಇಷ್ಟನ್ನೇ ತಿಂಗಳಿಗೊಂದು ಸಾಲಿನಂತೆ ಬರೆಯಿರಿ. ಆ ಬರೆಯುವ ಕೆಲಸವನ್ನು, 'ಗುಜರಿಗೆ ಹಾಕೋಣ' ಎಂದ ಮಗನಿಗೇ ಒಪ್ಪಿಸಿ. ಒಂದು ವರ್ಷ ಕಳೆದ ಮೇಲೆ ಆ ಹನ್ನೆರಡು ಸಾಲುಗಳನ್ನು ನೋಡಿ ಅವನೇ ತೀರ್ಪು ಹೇಳಲಿ. ಅಲ್ಲಿಯವರೆಗೆ ಕಾರು ಮಾವಿನ ಮರದ ಕೆಳಗೆ ಜಾಮೀನಿನ ಮೇಲೆ ಇರಲಿ.